ಮಲೆನಾಡಿನ ಜೇಬಿಗೊಂದು ಮಡಚುವ ಚಾಕು

ಮೇ ತಿಂಗಳಲ್ಲಿ ಒಂದು ಪ್ರಶ್ನೆ ಬರುತ್ತದೆ: "ಜೇಬಲ್ಲಿ ಇಟ್ಕೊಳ್ಳೋಕೆ ಒಂದು ಮಡಚೋ ಚಾಕು ಬೇಕು, ಯಾವುದು ತಗೊಳ್ಳಲಿ?" ಆಗಸ್ಟ್‌ನಲ್ಲಿ ಅದೇ ಜನರಿಂದ ಎರಡನೆಯದು: "ತಗೊಂಡಿದ್ದು ತುಕ್ಕು ಹಿಡಿದು ಕೂತಿದೆ, ಬಿಚ್ಚೋಕೇ ಬರ್ತಿಲ್ಲ, ಏನ್ಮಾಡ್ಲಿ?" ಎರಡಕ್ಕೂ ಒಟ್ಟಿಗೇ ಉತ್ತರ ಬರೆದುಬಿಡೋಣ ಅಂತ ಕೂತಿದ್ದೇನೆ. ಮೊದಲ ಪ್ರಶ್ನೆಗೆ ಮಳೆ ನೋಡದೆ ಉತ್ತರ ಹುಡುಕಿದವರಿಗೇ ಎರಡನೇ ಪ್ರಶ್ನೆ ಬರುವುದು.

ಚಾಕು ಕೊಳ್ಳುವವರು ಸಾಮಾನ್ಯವಾಗಿ ಬ್ರ್ಯಾಂಡ್ ನೋಡುತ್ತಾರೆ, ಆಮೇಲೆ ಬಣ್ಣ ನೋಡುತ್ತಾರೆ. ಮೂಡಿಗೆರೆ, ಸಕಲೇಶಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೂಟಕ್ಕೆ ನೇತುಹಾಕಿದ ಬೆಲ್ಟಿಗೂ ಬೂಷ್ಟು ಬರುತ್ತದೆ. ಅಂಥ ಊರಲ್ಲಿ ಮೊದಲು ನೋಡಬೇಕಾದ್ದು ಉಕ್ಕು, ಆಮೇಲೆ ಹಿಡಿ.

ಮೂರು ಪದ ಮೊದಲೇ ತಿಳಿದಿರಲಿ. ಕತ್ತರಿಸುವ ಲೋಹದ ಭಾಗ ಅಲಗು. ಅದರ ಹರಿತವಾದ ಅಂಚು ಬಾಯಿ. ಬಾಯಿಗೆ ಎದುರಿನ ದಪ್ಪ ಭಾಗ ಬೆನ್ನು.

1. ಕೆಲಸ ಯಾವುದು ಅಂತ ನೋಡಿಕೊಳ್ಳಿ

ಒಂದು ವಾರ ಗಮನ ಇಟ್ಟು ನೋಡಿ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದು, ಸುತಳಿ ತುಂಡು ಮಾಡುವುದು, ಡ್ರಿಪ್ ಪೈಪ್ ಕತ್ತರಿಸುವುದು, ನರ್ಸರಿ ಗಿಡದ ಪ್ಲಾಸ್ಟಿಕ್ ಕೊಟ್ಟೆ ಸೀಳುವುದು, ಮೆಣಸಿನ ಬಳ್ಳಿಗೆ ಕಟ್ಟಿದ ದಾರ ತೆಗೆಯುವುದು. ಪೇಟೆಯಲ್ಲಿದ್ದರೆ ಕೊರಿಯರ್ ಡಬ್ಬ, ಹಾಲಿನ ಪ್ಯಾಕೆಟ್, ಬಸ್ಸಲ್ಲಿ ತಿನ್ನುವ ಸೌತೆಕಾಯಿ. ಜೇಬುಚಾಕು ಇಷ್ಟಕ್ಕೇ.

ಮರಗಸಿಗೆ, ಕಾಫಿ ಗಿಡದ ಕಸಿಗೆ (ಅಂದರೆ ಕೊಂಬೆ ರೆಂಬೆ ಸವರಲಿಕ್ಕೆ), ಎಳನೀರು ಕೆತ್ತಲು ಇದು ಬೇಡ. ಅದಕ್ಕೆಲ್ಲ ಮಚ್ಚು, ಕತ್ತಿ, ಕಸಿ ಕತ್ತರಿ ಮನೆಯಲ್ಲೇ ಇವೆಯಲ್ಲ. ಗಿಡಕ್ಕೆ ಕಣ್ಣು ಕೂರಿಸುವ ಕಸಿ ಚಾಕುವೂ ಬೇರೆಯೇ. ಅದರ ಬಾಯಿಯನ್ನು ಸಾಮಾನ್ಯವಾಗಿ ಒಂದೇ ಬದಿಯಿಂದ ಮಸೆದಿರುತ್ತಾರೆ. ಅದರಲ್ಲಿ ಚೀಲ ಸೀಳಿದರೆ ಕಸಿಯೂ ಕೂರುವುದಿಲ್ಲ, ಚಾಕುವೂ ಹಾಳು.

ಇಂಬಳ (ಜಿಗಣೆ) ಕೀಳಲಿಕ್ಕೂ ಚಾಕು ಬೇಡ. ಉಪ್ಪು ಸಾಕು.

2. ಅಳತೆ, ತೂಕ, ಕಾನೂನು

ಅಲಗು 6ರಿಂದ 8.5 ಸೆಂ.ಮೀ. ಉದ್ದ ಇದ್ದರೆ ಧಾರಾಳ. ಉದ್ದಕ್ಕಿಂತ ಮುಖ್ಯವಾದದ್ದು ಬೆನ್ನಿನ ದಪ್ಪ. 2ರಿಂದ 2.5 ಮಿ.ಮೀ. ಇರುವುದನ್ನು ಹುಡುಕಿ. 4 ಮಿ.ಮೀ. ದಪ್ಪದ ಅಲಗು ನೋಡಲು ಗಟ್ಟಿಮುಟ್ಟಾಗಿ ಕಾಣುತ್ತದೆ, ಆದರೆ ಸೌತೆಕಾಯಿಗೆ ಹಾಕಿದರೆ ಹೋಳು ಮಾಡುವ ಬದಲು ಬೆಣೆ ಹೊಡೆದ ಹಾಗೆ ಸೀಳುತ್ತದೆ.

ತೂಕ 100 ಗ್ರಾಂ ಒಳಗಿರಲಿ. ಪ್ಯಾಂಟ್ ಹಾಕುವವರಿಗೆ ಇದು ಅಷ್ಟು ಗೊತ್ತಾಗುವುದಿಲ್ಲ. ಪಂಚೆ ಕಟ್ಟಿ ತೋಟಕ್ಕೆ ಹೋಗುವವರ ಜೇಬು ಇರುವುದು ಒಳಗಿನ ಪಟಾಪಟಿ ಚಡ್ಡಿಯಲ್ಲಿ. 200 ಗ್ರಾಂ ಚಾಕು ಹಾಕಿಕೊಂಡು ದಿಬ್ಬ ಹತ್ತಿ ನೋಡಿ, ಒಂದು ಕೈ ಚಡ್ಡಿ ಹಿಡಿಯಲಿಕ್ಕೇ ಬೇಕು.

ಕಾನೂನಿನ ವಿಷಯ ಬಹಳ ಜನ ಕೇಳುತ್ತಾರೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನವು. ಅದರಲ್ಲೂ ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆಂದೇ ಮಾಡಿದವನ್ನು ಬಿಟ್ಟಿದ್ದಾರೆ. ನಾವು ಮಾತಾಡುತ್ತಿರುವ ಚಾಕು ಇದರ ಅರ್ಧವೂ ಇಲ್ಲ. ಹಾಗಂತ ಎಲ್ಲಿಗೆ ಬೇಕಾದರೂ ಒಯ್ಯಬಹುದು ಅಂತಲ್ಲ.

- ಬಟನ್ ಒತ್ತಿದರೆ ಚಟ್ ಅಂತ ಹಾರಿ ತೆರೆಯುವ ಚಾಕು ತೆಗೆದುಕೊಳ್ಳಲೇಬೇಡಿ. ಕೆಲಸಕ್ಕೆ ಅದರಿಂದ ಲಾಭ ಏನೂ ಇಲ್ಲ. ಪೊಲೀಸರು ಹಿಡಿದು ಕೇಳಿದರೆ ವಿವರಿಸುವುದೂ ಕಷ್ಟ.
- ಚುನಾವಣೆ, ಗಲಾಟೆ, ದೊಡ್ಡ ಬಂದೋಬಸ್ತ್ ಇದ್ದಾಗ ನಿಷೇಧಾಜ್ಞೆ ಹೊರಡಿಸುತ್ತಾರೆ. ಹಿಂದೆ 144 ಅಂತಿದ್ದೆವಲ್ಲ, ಅದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 163. ಆಗ ಹರಿತವಾದದ್ದೇನನ್ನೂ ಜೇಬಲ್ಲಿ ಇಟ್ಟುಕೊಂಡು ಓಡಾಡಬೇಡಿ. ದತ್ತ ಜಯಂತಿ ಹೊತ್ತಿನಲ್ಲಿ ಬಾಬಾಬುಡನ್ ಗಿರಿ ಕಡೆ ಹೋಗುವವರು, ದೀಪಾವಳಿ ಸಮಯಕ್ಕೆ ಹಾಸನಾಂಬೆಯ ಸರದಿಯಲ್ಲಿ ನಿಲ್ಲುವವರು ಚಾಕು ಮನೆಯಲ್ಲೇ ಇಟ್ಟು ಹೊರಡಿ.
- ವಿಮಾನದಲ್ಲಿ ಕೈಚೀಲಕ್ಕೆ ಹಾಕುವಂತಿಲ್ಲ, ಚೆಕ್ ಇನ್ ಮಾಡುವ ಪೆಟ್ಟಿಗೆಗೇ ಹಾಕಬೇಕು. ಬೆಂಗಳೂರಿಗೆ ಹೋಗಿ ಮೆಟ್ರೋ ಹತ್ತುವವರೂ ಇದನ್ನು ನೆನಪಿಡಿ. ತಪಾಸಣೆಯಲ್ಲಿ ಹೋದ ಚಾಕು ವಾಪಸ್ ಬರುವುದು ಅನುಮಾನ.

3. ಉಕ್ಕು: ನಿಮ್ಮ ತಾಲೂಕಿನ ಮಳೆ ಕೇಳಿ ಆರಿಸಿ

ಉಕ್ಕಿನಲ್ಲಿ ಎರಡು ಜಾತಿ. ಒಂದು ಕಾರ್ಬನ್ ಉಕ್ಕು. ಸಂತೆಯಲ್ಲಿ ಸಿಗುವ ಕುಲುಮೆಯ ಕತ್ತಿ ಇದ್ದಂತೆ. ಬೇಗ ಹರಿತವಾಗುತ್ತದೆ, ಬೇಗ ತುಕ್ಕೂ ಹಿಡಿಯುತ್ತದೆ. ಇನ್ನೊಂದು ಸ್ಟೇನ್‌ಲೆಸ್. ಇದರಲ್ಲಿ ಕ್ರೋಮಿಯಂ ಎಂಬ ಲೋಹ ಕನಿಷ್ಠ ನೂರಕ್ಕೆ ಹತ್ತೂವರೆ ಪಾಲು ಇರುತ್ತದೆ, ಚಾಕುಗಳಲ್ಲಿ ಸಾಮಾನ್ಯವಾಗಿ 13-14 ಪಾಲು. ಅದು ಗಾಳಿ ತಾಗಿ ಮೇಲೊಂದು ತೆಳು ಪೊರೆ ಕಟ್ಟಿಕೊಂಡು ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಆ ಪೊರೆಗೂ ಸೋಲುವ ಶತ್ರುಗಳಿವೆ, ಅದಕ್ಕೆ ಮುಂದೆ ಬರುತ್ತೇನೆ.

ಒಂದೇ ಜಿಲ್ಲೆಯೊಳಗೂ ಉತ್ತರ ಬೇರೆ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನ ಒಣ ಹವೆಯಲ್ಲಿ ಕಾರ್ಬನ್ ಉಕ್ಕಿನ ಚಾಕು ಆರಾಮಾಗಿ ಬಾಳುತ್ತದೆ. ಆಗಾಗ ಒರೆಸಿದರೆ ಆಯಿತು. ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದವರು ಸ್ಟೇನ್‌ಲೆಸ್ಸೇ ತೆಗೆದುಕೊಳ್ಳಿ. ಕಾರ್ಬನ್ನೇ ಇಷ್ಟ ಅನ್ನುವವರಿದ್ದಾರೆ, ನಾನೂ ಒಬ್ಬ. ಅದನ್ನು ಮಳೆಗಾಲದಲ್ಲಿ ಅಡುಗೆಮನೆಯಲ್ಲಿಟ್ಟು, ಜೇಬಿಗೆ ಸ್ಟೇನ್‌ಲೆಸ್ ಹಾಕಿಕೊಳ್ಳಿ.

ಪೆಟ್ಟಿಗೆ ಮೇಲೆ ಬರೆದಿರುವ ಉಕ್ಕಿನ ಹೆಸರು ಓದಿ. 14ಸಿ28ಎನ್ ಇದ್ದರೆ ತುಕ್ಕು ತಡೆಯುವುದರಲ್ಲಿ ಬಲು ಒಳ್ಳೆಯದು. 8ಸಿಆರ್13ಎಂಒವಿ ಅಗ್ಗದ್ದು, ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಮಸೆಯಲು ಬರುತ್ತದೆ. ಮೊದಲ ಚಾಕುವಿಗೆ ಸಾಕು. ಡಿ2 ಅಂತ ಬರೆದಿದ್ದರೆ ಎಚ್ಚರ: ಹರಿತ ಬಹಳ ದಿನ ನಿಲ್ಲುತ್ತದೆ, ಆದರೆ ಪೂರ್ತಿ ಸ್ಟೇನ್‌ಲೆಸ್ ಅಲ್ಲ, ನಮ್ಮ ಮಳೆಗೆ ಚುಕ್ಕಿ ಚುಕ್ಕಿ ತುಕ್ಕು ಬರುತ್ತದೆ. ಎಚ್‌ಆರ್‌ಸಿ ಅಂತ ಒಂದು ಸಂಖ್ಯೆಯೂ ಇರುತ್ತದೆ. ಅದು ಉಕ್ಕಿನ ಗಟ್ಟಿತನದ ಅಳತೆ. ಸ್ವಿಟ್ಜರ್ಲೆಂಡಿನ ವಿಕ್ಟೊರಿನಾಕ್ಸ್ ಚಾಕುಗಳದ್ದು ಸುಮಾರು 56. ಇದು ಮೆದು ಕಡೆಗೆ, ಅದಕ್ಕೇ ಮನೆಯಲ್ಲಿ ಮಸೆಯಲು ಸುಲಭ. 60 ದಾಟಿದರೆ ಮಸೆಯಲು ತಾಳ್ಮೆ ಬೇಕು.

ಉಕ್ಕಿನ ಹೆಸರೇ ಬರೆದಿಲ್ಲದೆ ಅಲಗಿನ ತುಂಬ ಅಲೆ ಅಲೆ ಚಿತ್ತಾರ ಇದ್ದು "ಡಮಾಸ್ಕಸ್" ಅಂದರೆ ಸುಮ್ನೆ ಮುಂದೆ ಹೋಗಿ. ಅಗ್ಗದವುಗಳಲ್ಲಿ ಆ ಚಿತ್ತಾರ ಮೇಲೆ ಕೊರೆದಿದ್ದೇ ಜಾಸ್ತಿ.

ಹಿಡಿ ಪ್ಲಾಸ್ಟಿಕ್, ನೈಲಾನ್ ಅಥವಾ ಜಿ10 ಆಗಿರಲಿ. ಜಿ10 ಅಂದರೆ ಗಾಜಿನ ನೂಲನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ, ನೀರು ಕುಡಿಯುವುದಿಲ್ಲ. ಮರದ ಹಿಡಿಯ ಕಥೆ ಬೇರೆ. ಫ್ರಾನ್ಸಿನ ಒಪಿನೆಲ್ ಚಾಕು 1890ರಿಂದ ಇದೆ, ಬೆಲೆಗೆ ತಕ್ಕಂತೆ ಅದ್ಭುತ ಅಲಗು, 8ನೇ ನಂಬರಿನದಕ್ಕೆ ಸರಿಯಾಗಿ 8.5 ಸೆಂ.ಮೀ. ಆದರೆ ಅದರ ಬೀಚ್ ಮರದ ಹಿಡಿ ತೇವ ಕುಡಿದು ಉಬ್ಬುತ್ತದೆ. ಜುಲೈ ಹೊತ್ತಿಗೆ ಅಲಗನ್ನು ಕಚ್ಚಿ ಹಿಡಿದುಬಿಡುತ್ತದೆ. ಹಾಗೆ ಸಿಕ್ಕಿಹಾಕಿಕೊಂಡಾಗ ಇಕ್ಕಳ ಹಾಕಿ ಎಳೆಯಬೇಡಿ. ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಮೆಲ್ಲಗೆ ಕುಟ್ಟಿದರೆ ಅಲಗಿನ ತುದಿ ಮೇಲೆ ಬರುತ್ತದೆ. ಬೇಸಿಗೆಯಲ್ಲೇ ಹಿಡಿಗೆ, ಅದರ ಸೀಳಿನ ಒಳಗೂ, ಜೇನುಮೇಣ ಉಜ್ಜಿ ಇಟ್ಟರೆ ಉಬ್ಬುವುದು ಕಡಿಮೆ.

4. ಲಾಕ್ ಯಾವುದು?

ಬಿಚ್ಚಿದ ಅಲಗು ತಾನಾಗಿ ಮಡಚದಂತೆ ತಡೆಯುವುದೇ ಲಾಕ್. ನಾಲ್ಕು ತರದ್ದು ಗೊತ್ತಿದ್ದರೆ ಸಾಕು.

ಸ್ಲಿಪ್ ಜಾಯಿಂಟ್: ಇದಕ್ಕೆ ನಿಜವಾಗಿ ಲಾಕೇ ಇಲ್ಲ. ಒಂದು ಪಟ್ಟಿ ಸ್ಪ್ರಿಂಗ್ ಅಲಗನ್ನು ಒತ್ತಿ ಹಿಡಿದಿರುತ್ತದೆ, ಅಷ್ಟೇ. ವಿಕ್ಟೊರಿನಾಕ್ಸ್‌ನ ಮಡಚಿದಾಗ 91 ಮಿ.ಮೀ. ಉದ್ದ ಇರುವ ಚಾಕುಗಳು ಹೀಗೆ. ಹಣ್ಣು, ಡಬ್ಬ, ದಾರಕ್ಕೆ ಸರಿ. ಇದರಲ್ಲಿ ಚುಚ್ಚಲು ಹೋಗಬೇಡಿ, ಅಲಗು ಹಿಂದಕ್ಕೆ ಮಡಚಿ ಬೆರಳಿಗೇ ಬರುತ್ತದೆ.

ಬ್ಯಾಕ್ ಲಾಕ್: ಹಿಡಿಯ ಬೆನ್ನಿನಲ್ಲಿ ಒಂದು ಪಟ್ಟಿ ಇರುತ್ತದೆ, ಅದನ್ನು ಒತ್ತಿದರೆ ಮಾತ್ರ ಮಡಚುತ್ತದೆ. ಎಡಗೈಯವರಿಗೂ ಬಲಗೈಯವರಿಗೂ ಒಂದೇ. ತೋಟದ ಕೆಲಸಕ್ಕೆ ನನ್ನ ಮತ ಇದಕ್ಕೇ.

ಲೈನರ್ ಲಾಕ್: ಹಿಡಿಯ ಒಳಗಿನ ತೆಳು ತಗಡು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಒಂದೇ ಕೈಯಲ್ಲಿ ಬಿಚ್ಚಿ ಮಡಚಬಹುದು. ತೊಂದರೆ ಏನೆಂದರೆ, ಮಡಚುವಾಗ ಹೆಬ್ಬೆರಳು ಅಲಗು ಬರುವ ದಾರಿಯಲ್ಲೇ ಇರುತ್ತದೆ. ತಗಡನ್ನು ಸರಿಸಿ, ಅಲಗನ್ನು ಸ್ವಲ್ಪ ಮಡಚಿ, ಹೆಬ್ಬೆರಳು ಹೊರಗೆ ತೆಗೆದು, ಆಮೇಲೆ ಪೂರ್ತಿ ಮುಚ್ಚಿ. ಹೊಸಬರ ಗಾಯಗಳಲ್ಲಿ ಹೆಚ್ಚಿನವು ಇಲ್ಲೇ ಆಗುವುದು. ಹೆಚ್ಚಿನ ಲೈನರ್ ಲಾಕ್‌ಗಳು ಬಲಗೈಯವರಿಗೆ ಮಾಡಿದವು, ಎಡಗೈಯವರು ಕೈಗೆ ಹಿಡಿದು ನೋಡಿಯೇ ಕೊಳ್ಳಿ.

ಉಂಗುರ: ಒಪಿನೆಲ್ 1955ರಿಂದ ಹಾಕುತ್ತಿರುವ ತಿರುಗುವ ಬಳೆ. ಸರಳ, ಗಟ್ಟಿ. ತಿರುಗಿಸುವುದು ಮರೆತರೆ ಮಾತ್ರ ಲಾಕ್ ಇಲ್ಲದ ಚಾಕುವೇ.

5. ಕೈಗೆ ಬಂದ ಕೂಡಲೇ ಮಾಡುವ ಪರೀಕ್ಷೆ

ಅಂಗಡಿಯಲ್ಲಾಗಲಿ, ಕೊರಿಯರ್ ಬಿಚ್ಚಿದಾಗಲಾಗಲಿ, ಇಷ್ಟು ನೋಡಿ. ಮಡಚಿದಾಗ ಅಲಗು ಹಿಡಿಯ ನಡುವೆ ಇದೆಯಾ, ಒಂದು ಬದಿಗೆ ಉಜ್ಜುತ್ತಿದೆಯಾ. ಬಿಚ್ಚಿ ತುದಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ, ಆಟ ಇರಬಾರದು. ಆಮೇಲೆ ಬೆರಳುಗಳನ್ನು ಅಲಗಿನ ದಾರಿಯಿಂದ ಪೂರ್ತಿ ಹೊರಗಿಟ್ಟು, ಹಿಡಿಯನ್ನು ಎರಡು ಪಕ್ಕದಿಂದ ಮಾತ್ರ ಹಿಡಿದು, ಬೆನ್ನನ್ನು ಮೇಜಿಗೆ ನಿಧಾನವಾಗಿ ಒತ್ತಿ. ಲಾಕ್ ಬಿಡಬಾರದು. ಬಿಟ್ಟರೆ ವಾಪಸ್ ಕೊಡಿ, "ಬಳಸ್ತಾ ಬಳಸ್ತಾ ಸರಿ ಹೋಗ್ತದೆ" ಅನ್ನುವ ಮಾತು ಕೇಳಬೇಡಿ. ಬೆನ್ನನ್ನು ಮೇಜಿಗೆ ಪಟಪಟ ಹೊಡೆಯುವ ವಿಡಿಯೊಗಳಿವೆ. ಹಾಗೆ ಮಾಡಿದರೆ ಒಳ್ಳೆಯ ಲಾಕೂ ಹಾಳಾಗುತ್ತದೆ.

ಹಲ್ಲಿರುವ ಅಲಗು ಹಗ್ಗಕ್ಕೆ ಚೆನ್ನ, ಆದರೆ ಮನೆಯಲ್ಲಿ ಮಸೆಯುವುದು ಕಷ್ಟ. ನೇರ ಬಾಯಿಯದ್ದೇ ಇರಲಿ.

6. ದಿನದ ಆರೈಕೆ

ಸಂಜೆ ಕೈಕಾಲು ತೊಳೆಯುವಾಗ ಚಾಕುವನ್ನೂ ಬಿಚ್ಚಿ ತೊಳೆಯಿರಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಿಡಿಯ ಒಳಗಿನ ಮಣ್ಣು ತೆಗೆಯಿರಿ. ಬ್ಯಾಕ್ ಲಾಕ್ ಇದ್ದರೆ ಅದರ ಕಚ್ಚಿನಲ್ಲಿ ಕೂತ ಮಣ್ಣಿಗೆ ಪೊರಕೆ ಕಡ್ಡಿ ಬೇಕಾಗುತ್ತದೆ. ಮಣ್ಣು ಗಟ್ಟಿಯಾಗಿ ಕೂತರೆ ಲಾಕ್ ಪೂರ್ತಿ ಬೀಳುವುದೇ ಇಲ್ಲ, ಬಿದ್ದಂತೆ ಕಾಣುತ್ತದೆ ಅಷ್ಟೇ.

ಆಮೇಲೆ ಒಣಗಿಸುವುದು. ಮಳೆಗಾಲದಲ್ಲಿ ಬಟ್ಟೆಯಲ್ಲಿ ಒರೆಸಿದರೆ ಸಾಲದು, ಬಟ್ಟೆಯೇ ಒದ್ದೆ ಇರುತ್ತದೆ. ಬಿಚ್ಚಿದ ಚಾಕುವನ್ನು ಬಚ್ಚಲೊಲೆಯ ಕಟ್ಟೆ ಮೇಲೆ, ಮಕ್ಕಳ ಕೈಗೆ ಸಿಗದ ಕಡೆ, ಹತ್ತು ನಿಮಿಷ ಇಡಿ. ಕಟ್ಟೆ ಮೇಲೆ ಅಂದೆ, ಕೆಂಡದ ಹತ್ತಿರ ಅಲ್ಲ.

ಎಣ್ಣೆ ವಾರಕ್ಕೊಮ್ಮೆ, ಅಲಗು ತಿರುಗುವ ಕೀಲಿಗೆ ಒಂದೇ ಹನಿ. ತೆಂಗಿನೆಣ್ಣೆ ಹಾಕುವವರೇ ಜಾಸ್ತಿ. ಅಲಗಿಗೆ ಸವರಲು ಅಡ್ಡಿಯಿಲ್ಲ. ಆದರೆ ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿರುತ್ತದಲ್ಲ, ಅದೇ ಕೀಲಿನೊಳಗೂ ಆಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಕಮಟು ವಾಸನೆ, ಅಂಟು ಬೇರೆ. ಮೆಡಿಕಲ್‌ನಲ್ಲಿ ಲಿಕ್ವಿಡ್ ಪ್ಯಾರಫಿನ್ ಸಿಗುತ್ತದೆ. ಮಲಬದ್ಧತೆಗೆ ಕೊಡುವ ಎಣ್ಣೆ, ಹಾಗಾಗಿ ಹಣ್ಣು ಹೆಚ್ಚುವ ಚಾಕುವಿಗೂ ಭಯವಿಲ್ಲ. ತಿನ್ನುವ ವಸ್ತು ಮುಟ್ಟಿಸದ ಚಾಕುವಿಗೆ ಹೊಲಿಗೆ ಮೆಷಿನ್ ಎಣ್ಣೆ ನಡೆಯುತ್ತದೆ.

ಉಕ್ಕಿನ ಮೇಲಿನ ಪೊರೆಗೆ ಶತ್ರು ಯಾವುವು ಅಂತ ಮುಂದೆ ಹೇಳುತ್ತೇನೆ ಅಂದಿದ್ದೆ, ಈಗ ಕೇಳಿ.

ಮೊದಲನೆಯದು ಗೊಬ್ಬರ. ಪೊಟ್ಯಾಷ್ ಅಂದರೆ ಕ್ಲೋರೈಡ್ ಇರುವ ಒಂದು ಉಪ್ಪು, ಸ್ಟೇನ್‌ಲೆಸ್ಸನ್ನೂ ತೂತು ತೂತಾಗಿ ತಿನ್ನುತ್ತದೆ. ಚೀಲ ಬಿಚ್ಚಿದ ಚಾಕುವನ್ನು ಹಾಗೇ ಜೇಬಿಗೆ ಹಾಕಬೇಡಿ.

ಎರಡನೆಯದು ಬೋರ್ಡೋ, ಕೊಳೆರೋಗಕ್ಕೆ ಹೊಡೆಯುವ ದ್ರಾವಣ. ಮೈಲುತುತ್ತ (ತಾಮ್ರದ ಉಪ್ಪು), ಸುಣ್ಣ ಬೆರೆಸಿದ ಮೇಲೆ ಸುಣ್ಣ ಸಾಲದೆ ಹೋಗಿದೆಯಾ ಅಂತ ನೋಡಲು ಉಜ್ಜಿದ ಚಾಕುವನ್ನು ದ್ರಾವಣದಲ್ಲಿ ಅದ್ದುತ್ತಾರೆ. ಒಂದು ನಿಮಿಷ ಬಿಟ್ಟು ತೆಗೆದಾಗ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಇನ್ನಷ್ಟು ಸುಣ್ಣ ಬೇಕು. ಪರೀಕ್ಷೆ ಸರಿಯಾದದ್ದೇ. ಅದಕ್ಕೆ ಜೇಬುಚಾಕು ಮಾತ್ರ ಬೇಡ. ತಾಮ್ರ ಕೂರುವುದು ಅಂದರೆ ಅಷ್ಟು ಕಬ್ಬಿಣ ಕರಗಿ ಹೋಯಿತು ಅಂತಲೇ. ಸ್ಟೇನ್‌ಲೆಸ್ ಆದರೆ ತಾಮ್ರ ಸರಿಯಾಗಿ ಕೂರದೆ ಪರೀಕ್ಷೆಯೇ ಸುಳ್ಳಾಗಬಹುದು. ಹಳೆಯ ಕಬ್ಬಿಣದ ಚಾಕು ಒಂದನ್ನು ಡ್ರಮ್ಮಿನ ಹತ್ತಿರವೇ ಇಟ್ಟುಕೊಳ್ಳಿ.

ಮೂರನೆಯದು ಚರ್ಮದ ಚೀಲ. ನೋಡಲು ಚಂದ, ಆದರೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಅದರೊಳಗೆ ವಾರ ಬಿಟ್ಟ ಚಾಕು ಕೆಂಪಗಾಗಿಯೇ ಹೊರಬರುವುದು.

ಹಲಸಿನ ಹಣ್ಣು ಬಿಡಿಸುವ ಮುಂಚೆ ಅಲಗಿಗೆ ತೆಂಗಿನೆಣ್ಣೆ ಸವರಿ, ಅಂಟು ಹಿಡಿಯುವುದಿಲ್ಲ. ಇದು ನಿಮ್ಮ ಅಮ್ಮನಿಗೆ ಮೊದಲೇ ಗೊತ್ತು.

7. ಮಸೆಯುವುದು

ಮೊಂಡು ಚಾಕು ಬೆರಳು ಕೊಯ್ಯುತ್ತದೆ. ವಿಚಿತ್ರ ಅನಿಸಬಹುದು, ಆದರೆ ಹರಿತ ಇಲ್ಲದಿದ್ದಾಗ ನಾವು ಜೋರಾಗಿ ಒತ್ತುತ್ತೇವೆ, ಅದು ಜಾರುತ್ತದೆ.

ಸೈಕಲ್ ಚಕ್ರದ ಸಾಣೆಗೋ, ಕರೆಂಟಿನ ಗ್ರೈಂಡರ್‌ಗೋ ಜೇಬುಚಾಕು ಕೊಡಬೇಡಿ. ಕಿಡಿ ಹಾರುವಾಗ ತೆಳ್ಳಗಿನ ಬಾಯಿ ಕ್ಷಣದಲ್ಲಿ ಕಾದುಬಿಡುತ್ತದೆ. ಅಂಚು ನೀಲಿಯಾಗಿದ್ದರೆ ಅದು 300 ಡಿಗ್ರಿ ಹತ್ತಿರ ಕಾದಿದೆ ಅಂತ ಲೆಕ್ಕ. ಆ ಜಾಗದಲ್ಲಿ ಉಕ್ಕಿನ ಹದ ಹೋಯಿತು, ಇನ್ನು ಹರಿತ ನಿಲ್ಲುವುದಿಲ್ಲ. ನನ್ನದೊಂದು ಒಳ್ಳೆಯ ಚಾಕು ಹೀಗೇ ಹೋಯಿತು. ಬಟ್ಟೆ ಒಗೆಯುವ ಕಲ್ಲೂ ಬೇಡ. ಕತ್ತಿಗೆ ಸರಿ, ಇದಕ್ಕೆ ಒರಟು.

ಬೇಕಾದದ್ದು ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಸಾಣೆಕಲ್ಲು. ಕಲ್ಲಿನ ನುಣುಪಿಗೆ ಗ್ರಿಟ್ ಅನ್ನುತ್ತಾರೆ, ಸಂಖ್ಯೆ ಹೆಚ್ಚಾದಷ್ಟು ನುಣ್ಣಗೆ. 400 ಮತ್ತು 1000 ಇದ್ದರೆ ಸಾಕು. ಕಲ್ಲಿನ ಕೆಳಗೆ ಒದ್ದೆ ಬಟ್ಟೆ ಹಾಸಿ, ಜಾರಬಾರದು.

ಅಲಗಿನ ಬಾಯಿಗುಂಟ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿಯಿರಿ. ಅಲಗನ್ನು ಕಲ್ಲಿನ ಮೇಲೆ ಮಲಗಿಸಿ, ಬೆನ್ನನ್ನು ಅಲಗಿನ ಅಗಲದ ಮೂರನೇ ಒಂದು ಭಾಗದಷ್ಟು ಎತ್ತಿ. ಅಲಗು 2 ಸೆಂ.ಮೀ. ಅಗಲ ಇದ್ದರೆ ಬೆನ್ನು ಕಲ್ಲಿನಿಂದ 7 ಮಿ.ಮೀ. ಮೇಲೆ. ಇದು ಹತ್ತಿರ ಹತ್ತಿರ 20 ಡಿಗ್ರಿ ಕೋನ, ಜೇಬುಚಾಕುವಿಗೆ ಹೇಳಿ ಮಾಡಿಸಿದ್ದು. ಕಲ್ಲಿನಿಂದ ತೆಳ್ಳಗೆ ಒಂದು ಪದರ ಕೆತ್ತಿ ತೆಗೆಯುವವರ ಹಾಗೆ, ಬಾಯಿ ಮುಂದಾಗಿ, ಬುಡದಿಂದ ತುದಿಯವರೆಗೆ ಎಳೆಯಿರಿ. ನಾಲ್ಕು ಸಲ ಎಳೆದು ಬಣ್ಣ ನೋಡಿ. ಬೆನ್ನಿನ ಕಡೆಯದು ಮಾತ್ರ ಹೋಗಿದ್ದರೆ ಎತ್ತಿದ್ದು ಸಾಲದು. ತೀರಾ ಅಂಚಿನದು ಮಾತ್ರ ಹೋಗಿದ್ದರೆ ಎತ್ತಿದ್ದು ಜಾಸ್ತಿ.

ಒಂದೇ ಬದಿ ಮಸೆಯುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಇನ್ನೊಂದು ಬದಿಯ ಅಂಚಿನಲ್ಲಿ ಉಗುರಿಗೆ ತಡೆಯುವಂಥ ಸಣ್ಣ ಸುರುಳಿ ಏಳುತ್ತದೆ. ಬೆನ್ನಿನಿಂದ ಬಾಯಿಯ ಕಡೆಗೆ ಉಗುರು ಎಳೆದರೆ ಗೊತ್ತಾಗುತ್ತದೆ. ಬುಡದಿಂದ ತುದಿಯವರೆಗೆ ಆ ಸುರುಳಿ ಬರುವವರೆಗೂ ಬದಿ ಬದಲಿಸಬೇಡಿ. "ಎಷ್ಟು ಮಸೆದರೂ ಹರಿತ ಆಗ್ತಿಲ್ಲ" ಅನ್ನುವವರು ಹೆಚ್ಚಾಗಿ ತಪ್ಪುವುದು ಇಲ್ಲೇ. ಎರಡೂ ಬದಿ ಆದ ಮೇಲೆ ನುಣ್ಣನೆ ಮುಖದಲ್ಲಿ ಇದನ್ನೇ ಹಗುರ ಕೈಯಿಂದ ಮಾಡಿ. ಕೊನೆಗೆ ಬದಿಗೊಂದರಂತೆ ಬದಲಿಸುತ್ತಾ ಹತ್ತು ಸಲ, ಚಾಕುವಿನ ತೂಕ ಮಾತ್ರ ಬೀಳುವಂತೆ.

ಉಳಿದ ಸುರುಳಿ ತೆಗೆಯಲು ಹಳೇ ಚರ್ಮದ ಬೆಲ್ಟಿನ ಒಳಮುಖಕ್ಕೆ ಹತ್ತಿಪ್ಪತ್ತು ಸಲ ಉಜ್ಜಿ. ಈಗ ಬೆನ್ನು ಮುಂದೆ, ಬಾಯಿ ಹಿಂದೆ, ಇಲ್ಲದಿದ್ದರೆ ಬೆಲ್ಟ್ ತುಂಡಾಗುತ್ತದೆ. ದಿನಪತ್ರಿಕೆಯ ಹಾಳೆ ಹಿಡಿದು ಕತ್ತರಿಸಿ ನೋಡಿ. ಹೆಬ್ಬೆರಳಿನಲ್ಲಿ ಬೇಡ.

ಕಲ್ಲು ಸಿಗದ ಕಡೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ ಒರಟು ಬಳೆ ಇರುತ್ತದೆ. ಅದರ ಮೇಲೆ ನಾಲ್ಕೆಳೆ ಎಳೆದರೆ ಆ ದಿನದ ಕೆಲಸ ನಡೆಯುತ್ತದೆ.

8. ತುಕ್ಕು ಬಂದೇಬಿಟ್ಟರೆ

ಮೊದಲು ಬಣ್ಣ ನೋಡಿ. ಕಾರ್ಬನ್ ಅಲಗು ಬೂದು ಕಪ್ಪಾಗಿದ್ದರೆ ಗಾಬರಿ ಬೇಡ, ಹಣ್ಣಿನ ಹುಳಿಗೆ ಕಟ್ಟಿದ ಪೊರೆ ಅದು, ಇದ್ದರೆ ಒಳ್ಳೆಯದೇ. ಕೆಂಪು ಅಥವಾ ಕಿತ್ತಳೆ ಬಣ್ಣವೇ ತುಕ್ಕು. ಅಡುಗೆ ಸೋಡಾವನ್ನು ಸ್ವಲ್ಪ ನೀರಲ್ಲಿ ಕಲಸಿ ಹಚ್ಚಿ, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್‌ನಿಂದ ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ ಉಜ್ಜಿ. ಹುಣಸೆ ಹುಳಿಯಲ್ಲಿ ರಾತ್ರಿಯಿಡೀ ನೆನೆಸಬೇಡಿ. ತುಕ್ಕು ಹೋಗುತ್ತದೆ, ಜೊತೆಗೆ ಉಕ್ಕೂ ಹೋಗುತ್ತದೆ. ಕೀಲು ಬಿಗಿದಿದ್ದರೆ ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟು, ಬೆಳಿಗ್ಗೆ ನಿಧಾನವಾಗಿ ಆಡಿಸಿ. ಕಂದು ನೀರು ಬರುವುದು ನಿಲ್ಲುವವರೆಗೆ ಒರೆಸಿ ಮತ್ತೆ ಎಣ್ಣೆ ಬಿಡಿ. ನಕ್ಷತ್ರ ಆಕಾರದ ಸ್ಕ್ರೂ ಇದೆ ಅಂತ ಪೂರ್ತಿ ಬಿಚ್ಚಲು ಹೋಗಬೇಡಿ. ಒಳಗಿನ ಕಾಗದದಷ್ಟು ತೆಳು ವಾಷರ್ ಕಳೆದರೆ ನಮ್ಮ ಕಡೆ ಸಿಗುವುದಿಲ್ಲ.

ಆಯುಧ ಪೂಜೆಗೆ ಇಟ್ಟ ಚಾಕುವನ್ನು ಮರುದಿನ ಬೆಳಿಗ್ಗೆಯೇ ತೊಳೆದು ಒರೆಸಿ. ಒದ್ದೆ ಕುಂಕುಮ, ಕೊಯ್ದ ನಿಂಬೆಹಣ್ಣು ರಾತ್ರಿಯೆಲ್ಲ ಅಲಗಿಗೆ ತಾಗಿಕೊಂಡಿದ್ದರೆ ದುಂಡಗೆ ಒಂದು ಕಲೆ ಬೀಳುತ್ತದೆ. ಅದು ಮುಂದಿನ ಪೂಜೆಗೂ ಇರುತ್ತದೆ.